ಹಸಿರು ಪಟ್ಟಿ ಕಟ್ಟಿದ ಸೈಕಲ್ಲು

ನನ್ನ ಸೈಕಲ್ಲು ಕಳುವಾಗುತ್ತಿದ್ದ ಸದ್ದನ್ನು ನಾನು ನನ್ನ ಎರಡೂ ಕಿವಿಗಳಿಂದ ಕೇಳಿದೆ, ಕೇಳಿಯೂ ಸುಮ್ಮನಿದ್ದೆ. ಇದನ್ನು ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದಕ್ಕೇ ಮೊದಲು ನಾನೇ ಹೇಳಿಬಿಡುತ್ತಿದ್ದೇನೆ.

ನಾನು ನೀರಿನ ಇಲಾಖೆಯಲ್ಲಿ ಮೀಟರ್ ಓದುವವನು. ಮೀಟರ್ ಎಂದರೆ ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಕೂತಿರುವ ಪೆಟ್ಟಿಗೆ ಎಂದು ನೀವು ತಿಳಿದಿದ್ದರೆ ಅದು ಕರೆಂಟಿನವರದು. ನಮ್ಮದು ನೆಲದೊಳಗೆ, ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ, ಕೆಸರು ಮತ್ತು ಜಿರಲೆಗಳ ಜೊತೆ ಸಂಸಾರ ಮಾಡಿಕೊಂಡಿರುತ್ತದೆ. ಮುಚ್ಚಳ ಎತ್ತಿ, ಮಂಡಿಯೂರಿ, ತಲೆಯನ್ನು ಗುಂಡಿಯೊಳಗೆ ಇಳಿಸಿ, ಬಟ್ಟೆಯಿಂದ ಗಾಜು ಒರೆಸಿ, ಟಾರ್ಚು ಬಿಟ್ಟು ಅಂಕಿ ಓದಬೇಕು. ಆ ಬುಧವಾರ ಒಬ್ಬರ ಹಿತ್ತಲಿನಲ್ಲಿ ಹೀಗೆ ತಲೆಕೆಳಗಾಗಿದ್ದಾಗ ಗೇಟಿನ ಕಡೆಯಿಂದ 'ಕಿರ್ರ್ ಟಕ್, ಕಿರ್ರ್ ಟಕ್' ಎಂಬ ಸದ್ದು ಎದ್ದು ನಿಧಾನವಾಗಿ ದೂರ ಹೋಯಿತು. 'ಅಯ್ಯೋ ಪಾಪ, ನನ್ನಂಥದೇ ಸೈಕಲ್ಲು ತುಳಿಯುವ ಇನ್ನೊಬ್ಬ ನತದೃಷ್ಟ ಈ ಊರಿನಲ್ಲಿದ್ದಾನಲ್ಲ' ಎಂದು ಮನಸ್ಸಿನಲ್ಲೇ ಮರುಗಿದೆ. ಕೊನೆಯ ಅಂಕಿ ಮೂರೋ ಎಂಟೋ ಎಂದು ಮತ್ತೊಮ್ಮೆ ನೋಡಿ ಬರೆದುಕೊಂಡೆ. ಹೊರಗೆ ಬಂದು ನೋಡಿದರೆ ಗೇಟಿನ ಹತ್ತಿರ ಸೈಕಲ್ಲು ನಿಲ್ಲಿಸಿದ್ದ ಜಾಗ ಮಾತ್ರ ಇತ್ತು.

ಬೀಗ ಹಾಕಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಹಾಕಿರಲಿಲ್ಲ. ಅದನ್ನು ಕದಿಯಬೇಕಾದಷ್ಟು ಕಷ್ಟ ಯಾರಿಗಾದರೂ ಬಂದೀತು ಎಂದು ನನಗೆ ಅನ್ನಿಸಿರಲಿಲ್ಲ. ಸೀಟಿನ ಸ್ಪಂಜು ಹೊರಗೆ ಇಣುಕುತ್ತಿತ್ತು. ಹಿಂದಿನ ಮಡ್‌ಗಾರ್ಡನ್ನು ತಂತಿಯಿಂದ ಕಟ್ಟಿದ್ದೆ. ಎಡಗಡೆಯ ಪೆಡಲು ಒಂದು ದಿನ ರಸ್ತೆಯ ಮಧ್ಯದಲ್ಲಿ ನನ್ನನ್ನು ಬಿಟ್ಟುಹೋದ ಮೇಲೆ, ಹೆಂಡತಿಯ ಹಳೆಯ ಲಟ್ಟಣಿಗೆಯನ್ನು ಕತ್ತರಿಸಿ ಅದರ ತುಂಡನ್ನು ಆ ಜಾಗಕ್ಕೆ ಸಿಕ್ಕಿಸಿದ್ದೆ. ಇಷ್ಟಿದ್ದರೂ ನನಗೆ ಅದರ ಮೇಲೆ ಪ್ರಾಣ. ಬಿಸಿಲಲ್ಲಿ ಬೀದಿ ಬೀದಿ ಅಲೆಯುವವನಿಗೆ ಸೈಕಲ್ಲೆಂದರೆ ಇನ್ನೊಂದು ಜೊತೆ ಕಾಲು. ಅದಿಲ್ಲದೆ ಆಫೀಸಿಗೆ ನಡೆದು ಹೋಗುವಾಗ ನನಗೆ ನಿಜವಾಗಿ ಅಳು ಬಂತು.

ಅಳುವನ್ನು ಆಫೀಸಿನಲ್ಲಿ ಪೂರ್ತಿ ಮಾಡಿದೆ. ನಮ್ಮ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಸೋಮವಾರದಿಂದ ನಿಮಗೆ ಗುಡ್ಡದ ಆ ಕಡೆಯ ಬಡಾವಣೆ. ಸೈಕಲ್ ಇಲ್ದೆ ಆಗೋ ಕೆಲಸ ಅಲ್ಲ. ತಂದ್ರೆ ಸರಿ, ಇಲ್ದಿದ್ರೆ ದೂರು ಕೌಂಟರ್‌ನಲ್ಲಿ ಕೂತ್ಕೊಳ್ಳಿ. ಅಲ್ಲಿ ಜಾಗ ಖಾಲಿ ಇದೆ," ಎಂದರು.

ದೂರು ಕೌಂಟರಿನಲ್ಲಿ ಜಾಗ ಯಾವಾಗಲೂ ಖಾಲಿ ಇರುತ್ತದೆ. ಊರಿನಲ್ಲಿ ಯಾರ ಮನೆಗೆ ನೀರು ಬರದಿದ್ದರೂ, ಬಂದ ನೀರು ಕೆಂಪಾಗಿದ್ದರೂ, ಬಾರದ ನೀರಿಗೆ ಬಿಲ್ಲು ಬಂದಿದ್ದರೂ ಜನ ಆ ಸಣ್ಣ ಕಿಟಕಿಗೆ ಬಂದು ಬಯ್ಯುತ್ತಾರೆ. ಕಿಟಕಿಗೆ ಕಬ್ಬಿಣದ ಜಾಲರಿ ಇದೆ. ಅದನ್ನು ಹಾಕಿಸಿದ್ದು ಸೊಳ್ಳೆಗಳಿಗಾಗಿ ಅಲ್ಲ. ಹಿಂದೆ ಅಲ್ಲಿ ಕೂರುತ್ತಿದ್ದವರು ಈಗಲೂ ಯಾರಾದರೂ 'ನೀರು' ಎಂದರೆ ಸಾಕು, ಎದ್ದು ನಿಂತು ಕೈ ಮುಗಿಯುತ್ತಾರೆ. ಸೋಮವಾರದೊಳಗೆ ಸೈಕಲ್ಲು ಸಿಗದಿದ್ದರೆ ನನ್ನ ಗತಿಯೂ ಅಷ್ಟೆ ಎಂದು ಅರ್ಥವಾಯಿತು.

ನನ್ನ ಭಾವಮೈದುನ, ಅಂದರೆ ನನ್ನ ಹೆಂಡತಿಯ ತಮ್ಮ, ನಮ್ಮ ಮನೆಯಲ್ಲೇ ಇರುತ್ತಾನೆ. ಕೆಲಸ ಹುಡುಕಲು ಬಂದವನು, ಹುಡುಕುವುದನ್ನೇ ಕೆಲಸ ಮಾಡಿಕೊಂಡಿದ್ದಾನೆ. "ಭಾವ, ಪೊಲೀಸ್ ಸ್ಟೇಷನ್‌ಗೆ ನೀವೊಬ್ರೇ ಹೋಗ್ಬೇಡಿ. ನಿಮಗೆ ಮಾತಾಡೋಕೆ ಬರಲ್ಲ," ಎಂದು ಅವನೂ ಹೊರಟ. ಅವತ್ತು ನಾನೊಬ್ಬನೇ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳುವ ಪೇದೆ ಟೀ ಕುಡಿಯುತ್ತಿದ್ದ. ತಲೆಯೆತ್ತದೆ, "ಎಂಥಾ ಸೈಕಲ್ಲು?" ಎಂದ.

"ಹಳೇದು ಸಾರ್," ಎಂದೆ.

"ಹಳೇದಾ? ಗುಜರಿಯವರು ಎತ್ಕೊಂಡು ಹೋಗಿರ್ತಾರೆ. ಪೀಡೆ ಹೋಯ್ತು ಅಂದ್ಕೊಳ್ಳಿ. ಮನೆಗೆ ಹೋಗಿ."

ಭಾವಮೈದುನ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದ. "ಯಾವ ಹಳೇದು ಸಾರ್! ನಮ್ಮ ಭಾವ ತುಂಬ ಸಂಕೋಚದವರು, ತಮ್ಮ ವಸ್ತೂನ ತಾವೇ ಹೊಗಳಿಕೊಳ್ಳಲ್ಲ. ಗೇರ್ ಸೈಕಲ್ಲು ಸಾರ್. ಕೆಂಪು ಬಣ್ಣ. ಹೊರಗಡೆಯಿಂದ ತರಿಸಿದ್ದು."

ಪೇದೆ ಟೀ ಲೋಟ ಕೆಳಗಿಟ್ಟ. ನನಗೆ ಕುರ್ಚಿ ಬಂತು. ಪೇದೆ ಪೆನ್ನಿನ ಮುಚ್ಚಳ ತೆಗೆದು, "ಹೌದಾ ಸಾರ್? ಕೆಂಪು?" ಎಂದು ನನ್ನನ್ನೇ ಕೇಳಿದ.

ಈ ಜನ್ಮದಲ್ಲಿ ಪೊಲೀಸರು ನನ್ನನ್ನು 'ಸಾರ್' ಎಂದದ್ದು ಅದೇ ಮೊದಲು. ನಾನು ಸುಳ್ಳು ಹೇಳುವವನಲ್ಲ. ಯೋಚಿಸಿ ನೋಡಿದೆ. ನನ್ನ ಸೈಕಲ್ಲಿಗೆ ತುಕ್ಕು ಹಿಡಿದಿತ್ತು. ತುಕ್ಕು ಕೆಂಪಗೇ ಇರುತ್ತದೆ. ಚೈನು ದಾರಿಯಲ್ಲಿ ತನ್ನಿಷ್ಟದಂತೆ ಹಲ್ಲು ಬದಲಾಯಿಸುತ್ತಿತ್ತು. ಗೇರೆಂದರೂ ಅದೇ ತಾನೆ? ಅದನ್ನು ಪರವೂರಿನ ಒಬ್ಬ ಕ್ಷೌರಿಕನಿಂದ ಕೊಂಡಿದ್ದೆ. ಅಂದ ಮೇಲೆ ಹೊರಗಡೆಯದೇ ಆಯಿತು. "ಹೌದು," ಎಂದೆ.

ಪೇದೆ ಬರೆದುಕೊಂಡು, "ಇದನ್ನ ಹುಡುಕಿಸ್ತೀವಿ ಸಾರ್. ಆದ್ರೆ ಒಂದು ಮಾತು, ಸುಳ್ಳು ದೂರು ಅಂತ ಗೊತ್ತಾದ್ರೆ ದೂರು ಕೊಟ್ಟವರನ್ನೇ ಒಳಗೆ ಹಾಕ್ತೀವಿ," ಎಂದು ನಗುತ್ತಾ ಹೇಳಿದ. ನಾನೂ ನಕ್ಕೆ.

ನಾವು ಮನೆ ಸೇರುವ ಮೊದಲೇ ಸುದ್ದಿ ಬೀದಿ ಸೇರಿತ್ತು. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಜನ ನಮ್ಮ ಬೀದಿಯವರು. ಅಂಥವರಿಗೆ ಭಾವಮೈದುನ ನೇರವಾಗಿ ಹುಲಿಯನ್ನೇ ಕೊಟ್ಟಿದ್ದ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು, ಪಕ್ಕದ ಅಂಗಡಿಯ ಟೈಲರ್, ಮತ್ತೆ ಅವರ ಹಿಂದೆ ಹತ್ತಾರು ಮಂದಿ ನಮ್ಮ ಮನೆಯ ಮುಂದೆ ನೆರೆದಿದ್ದರು.

"ಇಷ್ಟು ದಿನ ಅಕ್ಕಪಕ್ಕದಲ್ಲೇ ಇದ್ದೀವಿ, ನಿಮ್ಮ ಹತ್ರ ಅಂಥ ಸೈಕಲ್ ಇತ್ತು ಅಂತ ನಮಗೇ ಗೊತ್ತಿಲ್ವಲ್ಲಾ!" ಎಂದ ಟೈಲರ್.

"ಭಾವ ಅದನ್ನ ಹೊರಗೆ ತೆಗೀತಾನೇ ಇರಲಿಲ್ಲ," ಎಂದ ಭಾವಮೈದುನ. "ದಿನಾ ಓಡಿಸ್ತಿದ್ದದ್ದು ಬೇರೆ ಡಕೋಟ. ಅದನ್ನ ಗುಜರಿಗೆ ಹಾಕಿದ್ರು. ಹೊಸದನ್ನ ಹೊರಗೆ ತೆಗೆದ ಮೊದಲನೇ ದಿನವೇ ಹೀಗಾಗೋಯ್ತು."

ಎಲ್ಲರೂ ಲೊಚಗುಟ್ಟಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ನಾನು ಅವಳಿಂದ ಒಂದು ಸೈಕಲ್ಲನ್ನು ಬಚ್ಚಿಟ್ಟಿದ್ದೆ ಎಂಬ ಅನುಮಾನ ಅವಳ ಕಣ್ಣಲ್ಲಿ ಹೊಳೆಯಿತು. ಒಳಗೆ ಹೋದ ಮೇಲೆ, "ಇನ್ನೂ ಏನೇನು ಇದೆಯೋ ಎಲ್ಲೆಲ್ಲಿ," ಎಂದಳು.

ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡು ಅಲ್ಲೇ 'ಸೈಕಲ್ ಶೋಧನಾ ಸಮಿತಿ'ಯನ್ನು ಉದ್ಘಾಟಿಸಿದರು. ಅವರೇ ಅಧ್ಯಕ್ಷರು. ಭಾವಮೈದುನ ಕಾರ್ಯದರ್ಶಿ. ಉಪಾಧ್ಯಕ್ಷ ಸ್ಥಾನಕ್ಕೆ ಸ್ವಲ್ಪ ಜಗಳವಾಗಿ, ಕೊನೆಗೆ ಟೈಲರ್‌ಗೆ ಹೋಯಿತು, ಯಾಕೆಂದರೆ ಅವನ ಬಳಿ ಒಂದು ಪರದೆ ಹೊಲಿದು ಉಳಿದ ಹಸಿರು ಬಟ್ಟೆ ಇತ್ತು. ಆ ಬಟ್ಟೆಯಲ್ಲೇ ಸಮಿತಿಯ ಬುದ್ಧಿಯೆಲ್ಲ ಅಡಗಿದ್ದದ್ದು. ಬೀದಿಯ ಎರಡೂ ತುದಿಗಳಲ್ಲಿ ತಡೆ ಹಾಕಿ ಹೋಗಿಬರುವ ಪ್ರತಿಯೊಂದು ಸೈಕಲ್ಲನ್ನೂ ಪರೀಕ್ಷಿಸುವುದು. ಕಳುವಾದದ್ದಲ್ಲ ಎಂದು ಖಚಿತವಾದರೆ ಹ್ಯಾಂಡಲ್ಲಿಗೆ ಒಂದು ಹಸಿರು ಪಟ್ಟಿ ಕಟ್ಟುವುದು. ಪಟ್ಟಿ ಇದ್ದವನನ್ನು ಮತ್ತೆ ಯಾರೂ ತಡೆಯುವಂತಿಲ್ಲ.

"ಪಟ್ಟಿಯನ್ನ ಕಟ್ಟಬೇಕಾದವರು ಮಾತ್ರ ವಸ್ತು ಕಳಕೊಂಡವರೇ," ಎಂದು ಹೆಡ್‌ಮಾಸ್ತರರು ನನ್ನತ್ತ ಬೆರಳು ತೋರಿಸಿದರು. "ನಿಮ್ಮ ವಸ್ತು ನಿಮಗೆ ಮಾತ್ರ ಗೊತ್ತು. ನಿಮ್ಮ ಕೈಯೇ ನಮಗೆ ಪ್ರಮಾಣ."

ಮರುದಿನ ರಜೆ ಹಾಕಿ ಹಸಿರು ಪಟ್ಟಿಗಳ ಕಟ್ಟು ಹಿಡಿದು ಬೀದಿಯ ತುದಿಯಲ್ಲಿ ನಿಂತೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದದ್ದು ನನ್ನ ಆ ಡಕೋಟಕ್ಕಾಗಿ. ಸಮಿತಿ ಕಾಯುತ್ತಿದ್ದದ್ದು ಕೆಂಪು ಗೇರ್ ಸೈಕಲ್ಲಿಗಾಗಿ. ಕಪ್ಪು, ನೀಲಿ, ಬೂದು ಸೈಕಲ್ಲುಗಳು ಪಟ್ಟಿ ಕಟ್ಟಿಸಿಕೊಂಡು ಹೋದವು. ಕೆಂಪು ಬಣ್ಣದ್ದೆಲ್ಲ 'ಅನುಮಾನದ ಮೇಲೆ' ನಮ್ಮ ಅಂಗಳಕ್ಕೆ ಬಂದವು. "ಇದು ನಮ್ಮದಲ್ಲ" ಎಂದು ನಾನು ಹೇಳಿದರೆ, "ನೀವು ಸಂಕೋಚದವರು, ಸುಮ್ನಿರಿ" ಎನ್ನುವ ಉತ್ತರ ಸಿದ್ಧವಿತ್ತು. ಅಂಚೆಯವರ ಸೈಕಲ್ಲು ಕೆಂಪಗಿದ್ದದ್ದರಿಂದ ಬೀದಿಗೆ ಅಂಚೆ ನಿಂತಿತು. ಡ್ರಿಲ್ ಮಾಸ್ತರರು ತಮ್ಮದನ್ನು ಬಿಡಿ ಎಂದು ಶಿಳ್ಳೆ ಊದಿದರು. ಸಂಜೆಗೆ ನಮ್ಮ ಅಂಗಳದಲ್ಲಿ ಬಟ್ಟೆ ಒಣಗಿಸಲೂ ಜಾಗ ಉಳಿಯಲಿಲ್ಲ. ಸೈಕಲ್ಲುಗಳ ಒಡೆಯರು ಬಂದು ಜಗಲಿಯ ಮೇಲೆ ಸಾಲಾಗಿ ಕೂತರು. ಅವರಿಗೆಲ್ಲ ಟೀ ಮಾಡಿ ಕೊಟ್ಟು ಕೊಟ್ಟು ನನ್ನ ಹೆಂಡತಿಯ ಮುಖವೂ ಸೈಕಲ್ಲುಗಳ ಬಣ್ಣಕ್ಕೆ ತಿರುಗಿತು.

ಶುಕ್ರವಾರ ಬೆಳಿಗ್ಗೆ ಆ ಪೇದೆಯೇ ನಮ್ಮ ಬಾಗಿಲಿಗೆ ಬಂದ. "ಸಾರ್, ಸೈಕಲ್ ಕಳುವಾಯ್ತು ಅಂತ ಸ್ಟೇಷನ್ ತುಂಬ ದೂರು ಬಿದ್ದಿದೆ. ಈ ಊರಿಗೆ ದೊಡ್ಡ ಗ್ಯಾಂಗೇ ಇಳಿದಿದೆ ಅಂತ ನಮ್ಮ ಇನ್‌ಸ್ಪೆಕ್ಟರ್ ಹೇಳ್ತಿದ್ರು..." ಎನ್ನುತ್ತ ಅಂಗಳವನ್ನು ನೋಡಿದವನು ಮಾತು ನಿಲ್ಲಿಸಿದ.

"ಇವು ಅನುಮಾನದವು," ಎಂದರು ಹೆಡ್‌ಮಾಸ್ತರರು ಗಂಭೀರವಾಗಿ.

"ಈಗ ನನಗೆ ನಿಮ್ಮೆಲ್ಲರ ಮೇಲೇ ಅನುಮಾನ ಸ್ವಾಮಿ," ಎಂದ ಪೇದೆ.

ಅವನು ಅಷ್ಟು ಹೇಳುವಷ್ಟರಲ್ಲಿ ಬೀದಿಯ ತುದಿಯಿಂದ ಗಲಾಟೆ ಕೇಳಿಸಿತು. ಟೈಲರ್ ಮತ್ತು ನಾಲ್ಕು ಮಂದಿ ಒಬ್ಬ ಸಣಕಲು ಮನುಷ್ಯನನ್ನು ಸೈಕಲ್ಲಿನ ಸಮೇತ ಎಳೆದುಕೊಂಡು ಬರುತ್ತಿದ್ದರು. ಅವರು ಕಣ್ಣಿಗೆ ಬೀಳುವ ಮೊದಲೇ ನನ್ನ ಕಿವಿಗೆ ಬಿದ್ದದ್ದು 'ಕಿರ್ರ್ ಟಕ್, ಕಿರ್ರ್ ಟಕ್.'

ನನ್ನ ಸೈಕಲ್ಲು! ಇಣುಕುವ ಸ್ಪಂಜು, ತಂತಿ ಕಟ್ಟಿದ ಮಡ್‌ಗಾರ್ಡು, ಲಟ್ಟಣಿಗೆಯ ಪೆಡಲು. ಓಡಿಹೋಗಿ ಅಪ್ಪಿಕೊಳ್ಳಬೇಕೆನ್ನಿಸಿತು.

"ಇವನು ನಮ್ಮನ್ನ ನೋಡಿ ಓಡೋಕೆ ಶುರು ಮಾಡಿದ," ಎಂದ ಟೈಲರ್ ಏದುಸಿರು ಬಿಡುತ್ತ. "ಅದಕ್ಕೇ ಹಿಡಿದ್ವಿ."

ಸಣಕಲನು ಕೈ ಮುಗಿದ. "ಬುದ್ಧಿ, ದೊಣ್ಣೆ ಹಿಡ್ಕೊಂಡು ನಾಲ್ಕು ಜನ ಬಂದ್ರೆ ಯಾರು ತಾನೇ ಓಡಲ್ಲ? ನೀವೇ ನೋಡಿ. ನೀವು ಹುಡುಕ್ತಿರೋದು ಯಾವುದು, ಇದು ಯಾವುದು? ಇಂಥದ್ದನ್ನ ಕದಿಯೋಷ್ಟು ಗತಿಗೆಟ್ಟಂಗೆ ಕಾಣ್ತೀನಾ ನಾನು?"

ಜನ ಗೊಳ್ಳೆಂದು ನಕ್ಕರು. "ಭಾವ ಗುಜರಿಗೆ ಹಾಕಿದ ಡಕೋಟಾನ ಇವನು ಕೊಂಡಿರ್ಬೇಕು," ಎಂದ ಭಾವಮೈದುನ. ಟೈಲರ್ ಸೈಕಲ್ಲು ಹತ್ತಿ ಒಂದು ಸುತ್ತು ಹೋಗಲು ನೋಡಿ, ಎರಡೇ ಮಾರಿನಲ್ಲಿ ಇಳಿದುಬಿಟ್ಟ. "ಇದನ್ನ ಕದ್ದವನಿಗೆ ಜೈಲು ಬೇಕಿಲ್ಲ, ಓಡಿಸು ಅಂದ್ರೆ ಸಾಕು," ಎಂದ. ಮತ್ತೆ ನಗು. ನನ್ನೆದೆಗೆ ಚುಚ್ಚಿದಂತಾಯಿತು. ಅದರ ಮೇಲೆ ಕೂರಲು ಅಭ್ಯಾಸ ಬೇಕು, ಅಷ್ಟೆ.

"ನೀವು ನೋಡಿ ಹೇಳಿ," ಎಂದು ಹೆಡ್‌ಮಾಸ್ತರರು ನನ್ನನ್ನು ಮುಂದಕ್ಕೆ ದೂಡಿದರು. "ಸಂಕೋಚ ಬೇಡ."

ನಾನು ಬಾಯಿ ತೆರೆದೆ. ಒಂದು ಕಡೆ ಪೇದೆ ನಿಂತಿದ್ದ. ಸುಳ್ಳು ದೂರು ಕೊಟ್ಟವರನ್ನು ಏನು ಮಾಡುತ್ತಾರೆಂದು ಅವನೇ ಹೇಳಿದ್ದ. ಇನ್ನೊಂದು ಕಡೆ ಇಡೀ ಬೀದಿ. ಮಧ್ಯದಲ್ಲಿ ಭಾವಮೈದುನ ಕಣ್ಣು ಕೆಕ್ಕರಿಸಿ ನೋಡುತ್ತಿದ್ದ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವೆಂದರೆ ಏನೆಂದು ಆಗ ಗೊತ್ತಾಯಿತು.

"ಇದು... ನನ್ನ... ಕೆಂಪು ಸೈಕಲ್ಲಲ್ಲ," ಎಂದೆ. ಒಂದಕ್ಷರವೂ ಸುಳ್ಳಲ್ಲ.

"ಛೆ ಛೆ! ಪಾಪದ ಮನುಷ್ಯನನ್ನ ಹೀಗೆ ಎಳ್ಕೊಂಡು ಬಂದ್ರಲ್ಲಯ್ಯಾ," ಎಂದು ಹೆಡ್‌ಮಾಸ್ತರರು ಟೈಲರನ್ನು ಗದರಿದರು. ಆಮೇಲೆ ನೆರೆದವರ ಕಡೆ ತಿರುಗಿ ಪುಟ್ಟ ಭಾಷಣವನ್ನೇ ಮಾಡಿದರು. ಇಂಥ ಮುರುಕಲು ಸೈಕಲ್ಲಿನಲ್ಲೂ ಪ್ರಾಮಾಣಿಕವಾಗಿ ಬದುಕುವವರಿದ್ದಾರೆ, ಇವರನ್ನು ನೋಡಿ ನಾವು ಕಲಿಯಬೇಕು ಎಂದರು. ಸಣಕಲನು ತಲೆ ತಗ್ಗಿಸಿ ನಾಚಿಕೊಂಡ. ಒಳಗಿನಿಂದ ಟೀ ಬಂತು. ನನ್ನ ಪಾಲಿನ ಟೀ ಅವನಿಗೆ ಹೋಯಿತು.

ಹಸಿರು ಪಟ್ಟಿ ಕಟ್ಟುವುದು ನನ್ನ ಕೆಲಸ. ಹ್ಯಾಂಡಲ್ಲಿನ ಮೇಲೆ ಬಾಗಿ ಗಂಟು ಹಾಕುತ್ತ, "ನನ್ನ ಸೈಕಲ್ಲು ಕೊಡಯ್ಯಾ," ಎಂದು ಪಿಸುಗುಟ್ಟಿದೆ.

ಅವನೂ ಅಷ್ಟೇ ಮೆಲ್ಲಗೆ, "ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ, ನಾಲ್ಕು ಜನಕ್ಕೆ ಕೇಳಿಸಲಿ," ಎಂದ.

ಗಂಟು ಬಿಗಿಯಾಗಿ ಬಿತ್ತು. ಜನ ಚಪ್ಪಾಳೆ ತಟ್ಟುತ್ತಿರಲು ಅವನು ನನ್ನ ಸೈಕಲ್ಲನ್ನು ಹತ್ತಿ ಎಲ್ಲರಿಗೂ ಕೈ ಬೀಸಿ ಹೋದ. ಟೈಲರ್ ಹಿಂದಿನಿಂದ ಸ್ವಲ್ಪ ದೂರ ತಳ್ಳಿಯೂ ಕೊಟ್ಟ.

ಪೇದೆ ಅಂಗಳದ ಸೈಕಲ್ಲುಗಳನ್ನೆಲ್ಲ ಒಡೆಯರಿಗೆ ಬಿಡಿಸಿಕೊಟ್ಟ. ಆದರೆ ಅಷ್ಟರಲ್ಲಿ ಊರು ಪಾಠ ಕಲಿತಿತ್ತು. ಕೆಂಪು ಸೈಕಲ್ಲು ಇಟ್ಟುಕೊಂಡರೆ ನಮ್ಮ ಬೀದಿಯವರು ಬಿಡುವುದಿಲ್ಲ ಎಂದು ಗೊತ್ತಾಗಿ, ಎಲ್ಲರೂ ರಾತ್ರೋರಾತ್ರಿ ಕಪ್ಪು ಬಣ್ಣ ಬಳಿಸಿಕೊಂಡರು. ವೃತ್ತದ ಬಳಿಯ ಸೈಕಲ್ ಅಂಗಡಿಯವನ ಬಳಿ ಕಪ್ಪು ಬಣ್ಣ ಪೂರ್ತಿ ಖಾಲಿಯಾಗಿ ಕೆಂಪು ಬಣ್ಣ ಹಾಗೇ ಉಳಿಯಿತಂತೆ.

ಶನಿವಾರ ಸಮಿತಿ ತುರ್ತು ಸಭೆ ಸೇರಿತು. ಸೈಕಲ್ಲು ಸಿಕ್ಕಿಲ್ಲ, ಪೇದೆ ಬೇರೆ ಅವಮಾನ ಮಾಡಿಹೋಗಿದ್ದಾನೆ, ಸೋಮವಾರ ನಾನು ದೂರು ಕೌಂಟರಿನ ಪಾಲಾಗುತ್ತೇನೆ. "ಇದು ಅವರ ಪ್ರಶ್ನೆ ಅಲ್ಲ, ನಮ್ಮ ಬೀದಿಯ ಮಾನದ ಪ್ರಶ್ನೆ," ಎಂದರು ಹೆಡ್‌ಮಾಸ್ತರರು. ನಾನು, "ದಯವಿಟ್ಟು ಬೇಡ, ಬಿಟ್ಟುಬಿಡಿ" ಎಂದು ಕೈ ಮುಗಿದೆ. "ಎಷ್ಟು ದೊಡ್ಡ ಗುಣ ನೋಡಿ!" ಎಂದು ಎಲ್ಲರೂ ಇನ್ನಷ್ಟು ಹುರುಪುಗೊಂಡರು. ಮನೆಮನೆಗೂ ಹೋಗಿ ಚಂದಾ ಎತ್ತಿದರು. ಭಾವಮೈದುನ ನಮ್ಮ ಮನೆಗೂ ಬಂದು, ನನ್ನ ಹೆಂಡತಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದನ್ನು ಎತ್ತಿಕೊಂಡು ಹೋದ.

ಭಾನುವಾರ ಸಂಜೆ ಬೀದಿಯ ನಡುವೆ ಸಮಾರಂಭ. ಮೇಜು, ಮೈಕು, ಬಾಡಿಗೆ ಕುರ್ಚಿಗಳು. ನನ್ನನ್ನು ಮಧ್ಯದಲ್ಲಿ ಕೂರಿಸಿದರು. ಮೇಜಿನ ಪಕ್ಕ ಬಿಳಿ ಬಟ್ಟೆ ಹೊದಿಸಿದ್ದ ಒಂದು ಆಕಾರ ನಿಂತಿತ್ತು.

"ಕಳೆದುಹೋದದ್ದನ್ನ ತಂದುಕೊಡೋಕೆ ನಮ್ಮಿಂದ ಆಗಲಿಲ್ಲ," ಎಂದು ಹೆಡ್‌ಮಾಸ್ತರರು ಮೈಕಿನಲ್ಲಿ ಗದ್ಗದಿತರಾದರು. "ಆದರೆ ಅದಕ್ಕೆ ಆದಷ್ಟು ಹತ್ತಿರವಾದದ್ದನ್ನ ಊರೆಲ್ಲ ಹುಡುಕಿ ತಂದಿದ್ದೀವಿ. ಇಡೀ ಊರಿನಲ್ಲಿ ಉಳಿದಿದ್ದ ಒಂದೇ ಒಂದು ಕೆಂಪು ಸೈಕಲ್ಲು!"

ಟೈಲರ್ ಬಟ್ಟೆ ಎಳೆದ. ಚಪ್ಪಾಳೆ ಬಿತ್ತು. ಅಡಿಯಿಂದ ಮುಡಿಯವರೆಗೆ ಕೆಂಪು ಕೆಂಪು. ಹ್ಯಾಂಡಲ್ಲಿಗೆ ಗೇರಿನಂಥ ಒಂದು ಕಡ್ಡಿಯನ್ನು ಬಿಗಿದಿದ್ದರು. ಅದರಿಂದ ತಂತಿ ಹೊರಟು ಎಲ್ಲಿಗೂ ಹೋಗದೆ ನಿಂತಿತ್ತು. ಸೀಟಿಗೆ ಹೊಸ ಚೀಲ ತೊಡಿಸಿದ್ದರು. ಕೆಳಗೆ ನೋಡಿದೆ. ಎಡಗಡೆ, ಕೆಂಪು ಬಣ್ಣ ಬಳಿದುಕೊಂಡು, ಲಟ್ಟಣಿಗೆಯ ತುಂಡು.

ನನ್ನ ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. "ರೀ, ಇದು ನಮ್ಮ ಲಟ್ಟಣಿಗೆ ಅಲ್ವೇನ್ರೀ?"

"ಅಕ್ಕಾ, ಈಗೆಲ್ಲ ಮರದ ಪೆಡಲ್ಲೇ ಫ್ಯಾಷನ್ನು," ಎಂದ ಟೈಲರ್.

ಅದನ್ನು ಸಮಿತಿಗೆ ಮಾರಿದ ಸೈಕಲ್ ಅಂಗಡಿಯವನು ಅಲ್ಲೇ ಕೈ ಕಟ್ಟಿ ನಿಂತಿದ್ದ. ಅವನನ್ನು ಪಕ್ಕಕ್ಕೆ ಕರೆದು, "ಇದು ಎಲ್ಲಿ ಸಿಕ್ತಪ್ಪಾ ನಿನಗೆ?" ಎಂದೆ.

"ಒಬ್ಬ ಸಣಕಲು ಆಸಾಮಿ ಮಾರಿಹೋದ ಸಾರ್. ಕದ್ದ ಮಾಲು ನಾನು ಮುಟ್ಟಲ್ಲ. ಆದ್ರೆ ಹ್ಯಾಂಡಲ್‌ಗೆ ಹಸಿರು ಪಟ್ಟಿ ಇತ್ತು. ಸ್ವತಃ ನೀವೇ ಕೈಯಾರೆ ಕಟ್ಟಿದ್ದು ಅಂದ. ಇನ್ನೇನು ಬೇಕು ಅಂತ ತಗೊಂಡೆ." ಆಮೇಲೆ ದನಿ ತಗ್ಗಿಸಿ, "ಕೆಂಪು ಬಣ್ಣ ಹೇಗೂ ಮಿಕ್ಕಿತ್ತು," ಎಂದ.

ಮಾತಾಡಬೇಕೆಂದು ನನ್ನ ಕೈಗೆ ಮೈಕು ಕೊಟ್ಟರು. ಇನ್ನು ಆದದ್ದಾಗಲಿ, ಪೇದೆಯೂ ಇಲ್ಲಿಲ್ಲ, ಇಂದು ನಿಜ ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದೆ. "ಎಲ್ಲರೂ ನನ್ನನ್ನ ಕ್ಷಮಿಸಬೇಕು," ಎಂದೆ. "ಇದು ನನ್ನ ಸೈಕಲ್ಲೇ!"

"ಹೌದು! ನಿಮ್ಮದೇ! ಇನ್ನು ಮುಂದೆ ನಿಮ್ಮದೇ!" ಎಂದು ಬೀದಿಗೆ ಬೀದಿಯೇ ಕೂಗಿತು.

"ಹಾಗಲ್ಲ... ಮೊದಲಿನಿಂದಲೂ ನನ್ನದೇ. ಕಳುವಾಗಿದ್ದು ಇದೇ."

ಮುಂದಿನ ಸಾಲಿನ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡಳು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿ, ಮೈಕನ್ನು ಮೆಲ್ಲಗೆ ಕಿತ್ತುಕೊಂಡು, "ನೋಡಿದ್ರಾ? ನಾವು ಕೊಟ್ಟ ಈ ಸಾಧಾರಣ ಸೈಕಲ್ಲನ್ನ ತಮ್ಮ ವಿದೇಶಿ ಸೈಕಲ್ಲಿಗೆ ಸಮ ಅಂತ ಹೇಳ್ತಿದ್ದಾರೆ. ನಮ್ಮ ಮನಸ್ಸಿಗೆ ನೋವಾಗಬಾರದು ಅಂತ! ಇಂಥವರಿಗೆ ಸಹಾಯ ಮಾಡೋದೇ ಒಂದು ಭಾಗ್ಯ," ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಕೊನೆಗೆ ಅವರು ಹೇಳಿದ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಳ್ಳಬೇಕಾಗಿತ್ತು: "ಇದು ಒಬ್ಬರ ಸೈಕಲ್ಲಲ್ಲ. ನಮ್ಮೆಲ್ಲರ ಸೈಕಲ್ಲು!"

ಸೋಮವಾರ ಬೆಳಿಗ್ಗೆ ಟಾರ್ಚು, ಬಟ್ಟೆ ಎಲ್ಲ ಚೀಲಕ್ಕೆ ತುಂಬಿಕೊಂಡು ಹಾಡಿಕೊಳ್ಳುತ್ತ ಹೊರಗೆ ಬಂದೆ. ಅಂಗಳ ಖಾಲಿ.

"ಹೆಡ್‌ಮಾಸ್ತರರು ತಗೊಂಡು ಹೋದ್ರು," ಎಂದಳು ಹೆಂಡತಿ. "ವಾಕಿಂಗ್ ಹೋಗ್ಬೇಕಂತೆ."

"ವಾಕಿಂಗ್‌ಗೆ ಸೈಕಲ್ ಯಾಕೆ?"

"ವಾಕ್ ಮಾಡೋ ಜಾಗ ದೂರ ಇದೆಯಂತೆ."

ಪಾರ್ಕಿಗೆ ಓಡಿದೆ. ಹೆಡ್‌ಮಾಸ್ತರರು ಬೆಂಚಿನ ಮೇಲೆ ಸುಧಾರಿಸಿಕೊಳ್ಳುತ್ತಿದ್ದರು. ಸೈಕಲ್ಲನ್ನು ಟೈಲರ್ ಒಯ್ದನೆಂದರು; ಹೊಲಿದ ಬಟ್ಟೆ ಕೊಟ್ಟುಬರಲು. "ಅವನೂ ಚಂದಾ ಕೊಟ್ಟಿದ್ದಾನಲ್ಲ, ಬೇಡ ಅನ್ನೋಕಾಗುತ್ತಾ?" ಟೈಲರ್ ಅಂಗಡಿಗೆ ಓಡಿದೆ. ಅವನು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ, "ಈಗಷ್ಟೇ ನಿಮ್ಮ ಭಾವಮೈದ ತಗೊಂಡು ಹೋದ. ಕೆಲಸದ ಸಂದರ್ಶನ ಇದೆಯಂತೆ. ತಡೆದ್ರೆ ಅವನ ಭವಿಷ್ಯ ಹಾಳು ಮಾಡಿದ ಪಾಪ ನಮಗೆ ಬರುತ್ತೆ ಸಾರ್," ಎಂದ. ಸಂದರ್ಶನ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಟೀ ಅಂಗಡಿಯ ಮುಂದೆ ಒಂದು ಕೆಂಪು ಮಿಂಚು ಕಂಡಂತಾಯಿತು. ನಾನು ರಸ್ತೆ ದಾಟುವಷ್ಟರಲ್ಲಿ 'ಕಿರ್ರ್ ಟಕ್' ಎನ್ನುತ್ತ ತಿರುವಿನಲ್ಲಿ ಮರೆಯಾಯಿತು.

ಬೆವರು ಸುರಿಸುತ್ತ ಆಫೀಸು ತಲುಪಿದಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

"ಸೈಕಲ್ ಸಿಕ್ತಾ?"

"ಸಿಕ್ತು ಸಾರ್."

"ಎಲ್ಲಿದೆ?"

"ಅದು ಗೊತ್ತಿಲ್ಲ ಸಾರ್."

ಅವರು ಕಾರಿಡಾರಿನ ಕೊನೆಯ ಕೋಣೆಯತ್ತ ಕೈ ತೋರಿಸಿದರು.

ಈಗ ನಾನು ಜಾಲರಿಯ ಹಿಂದೆ ಕೂರುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿನವರು ನನ್ನ ವಂಶವನ್ನೆಲ್ಲ ನೆನೆಯುತ್ತಾರೆ. ನಡುನಡುವೆ ಕಿಟಕಿಯಾಚೆಗಿನ ರಸ್ತೆಯಲ್ಲಿ ನನ್ನ ಸೈಕಲ್ಲು ಹಾದುಹೋಗುತ್ತದೆ, ಒಮ್ಮೆ ಟೈಲರ್, ಒಮ್ಮೆ ಹೆಡ್‌ಮಾಸ್ತರರು, ಒಮ್ಮೆ ನಾನು ಹೆಸರೂ ಅರಿಯದ ಯಾರೋ ಚಂದಾದಾರರು ತುಳಿಯುತ್ತಾ. ಎಲ್ಲರೂ ನನ್ನನ್ನು ಕಂಡು ಪ್ರೀತಿಯಿಂದ ಕೈ ಬೀಸುತ್ತಾರೆ. ಕೊಡುವುದಿಲ್ಲ ಎನ್ನಲು ನನಗೆ ಬಾಯಿಲ್ಲ. ಮಾಡಿದ ಉಪಕಾರ ಮರೆತವನು ಎನ್ನಿಸಿಕೊಂಡು ಆ ಬೀದಿಯಲ್ಲಿ ಬದುಕುವುದು ಹೇಗೆ?

ಒಂದು ಮಧ್ಯಾಹ್ನ ಸಾಲಿನಲ್ಲಿ ಆ ಸಣಕಲನು ಬಂದು ನಿಂತ. ಅವನ ಓಣಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲವಂತೆ. ನನ್ನನ್ನು ನೋಡಿ ಬೆಚ್ಚಿ ಹಿಂದಕ್ಕೆ ಸರಿದ. ನಾನು ಜಾಲರಿಯ ಸಂದಿನಿಂದ ಬೆರಳು ಹಾಕಿ ಅವನ ಅಂಗಿಯ ತೋಳು ಹಿಡಿದುಕೊಂಡೆ.

"ಹೆದರ್ಬೇಡ ಮಾರಾಯ. ನಿನ್ನ ನಲ್ಲೀನ ನಾಳೇನೇ ಸರಿ ಮಾಡಿಸ್ತೀನಿ. ನಂಗೆ ನಿನ್ನಿಂದ ಒಂದು ಉಪಕಾರ ಆಗಬೇಕು. ಆ ಸೈಕಲ್ಲನ್ನ ಇನ್ನೊಂದು ಸಲ ಕದ್ದುಬಿಡು. ದೂರದ ಊರಿಗೆ ಒಯ್ದುಬಿಡು. ನಾನು ಅಲ್ಲಿಗೇ ಬಂದು ನಿನ್ನ ಕೈಯಿಂದ ಕೊಂಡ್ಕೋತೀನಿ."

ಅವನ ಕಣ್ಣಲ್ಲಿ ಕಂಡದ್ದು ಕರುಣೆಯೇ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅವನು ಹೇಳಿದ:

"ಕದಿಯೋಕೇನು ಸ್ವಾಮಿ, ಇವತ್ತೇ ಕದ್ದೇನು. ಆದ್ರೆ ಅದು ಹೋಯ್ತು ಅಂತ ಗೊತ್ತಾದ್ರೆ ಅವರೆಲ್ಲ ಮತ್ತೆ ನಿಮ್ಮ ಸಹಾಯಕ್ಕೆ ಬರ್ತಾರೆ. ನಿಮ್ಮ ಮೇಲೆ ನಂಗೆ ಅಷ್ಟು ದ್ವೇಷ ಇಲ್ಲ."